ಮುಂಬಯಿಯಲ್ಲಿ ನಮ್ಮವರ ಮನೆ

ಉಗಾರ ಬುದ್ರುಕ
೧೨ ಜೂನ್ ೧೯೮೮

ನನ್ನ ಸುಂದರಾ,

ನೀನು ಸುಖವಾಗಿ ಮುಟ್ಟಿದ ಕಾರ್ಡು ಬಂತು. ನಿಮ್ಮಪ್ಪ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಓದಿದರು. ಲಗಮಣ್ಣ ತಡವಾಗಿ ಬಂದನೆಂದು ಅವನಿಗೆ ಇನ್ನೊಮ್ಮೆ ಓದಿ ತೋರಿಸಿದರು. ಟೆಲಿಫೋನ್ ಆಪರೇಟರ್ ಆಗಿ ಮುಂಬಯಿಗೆ ಹೋದ ಮಗಳು ಈ ಊರಲ್ಲಿ ಬೇರೆ ಯಾರಿಗಿದ್ದಾಳೆ?

ನಾನು ನಾಲ್ಕನೇ ಇಯತ್ತೆಯ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಗಬೇಡ. ಬುದ್ಧಿಮಾತು ಹೇಳುವವರು ಮನೆ ತುಂಬ ಇದ್ದಾರೆ. ದ್ರಾಕ್ಷಿ ಲಾರಿಯ ಜೊತೆ ಮುಂಬಯಿಗೆ ಹೋಗಿಬರುವ ಲಗಮಣ್ಣ ಹೇಳಿದ್ದು ಇದು: "ಗುರ್ತಿನವರಂಗ ಯಾರರೆ ಹೆಸರ ಹಿಡದ ಕರದ್ರ ಹೊಳ್ಳಿ ನೋಡಬಾರ್ದು. ಯಾರ ಕೊಟ್ರೂ ಚಾ ಕುಡೀಬಾರ್ದು." ನಾನು ಹೇಳುವುದು: ಕಿವಿಯ ಬಂಗಾರ ಬಿಚ್ಚಿಡು. ರೈಲಿನ ಬರಿದಾದ ಡಬ್ಬಿ ಹತ್ತಬೇಡ. ದಾರಿ ತಪ್ಪಿದರೆ ಗಂಡಸರನ್ನು ಕೇಳದೆ ಬುಟ್ಟಿ ಹೊತ್ತ ಹೆಂಗಸರನ್ನು ಕೇಳು. ಹೊತ್ತು ಮುಳುಗುವುದರೊಳಗೆ ಮನೆಯಲ್ಲಿರು.

ನಿಮ್ಮಪ್ಪನಿಗೆ ಯಾವ ಚಿಂತೆಯೂ ಇಲ್ಲ. "ಬಾಬಾಸಾಹೇಬನ ಮನಿ ಐತೆಲ್ಲ, ಅದು ನಮ್ಮದ ಮನಿ" ಎನ್ನುತ್ತಾರೆ. ಅವರ ಹೊಟ್ಟೆಯ ಆಪರೇಷನ್ ಆದಾಗ ಬಾಬಾಸಾಹೇಬ ಕಾಕಾ ತಾನೇ ರಕ್ತ ಕೊಟ್ಟು ಉಳಿಸಿಕೊಂಡಿದ್ದನ್ನು ಅವರು ಒಂದು ದಿನವೂ ಮರೆತಿಲ್ಲ. ಅಣ್ಣತಮ್ಮಂದಿರ ಮಕ್ಕಳಾದರೂ ಒಡಹುಟ್ಟಿದವರಿಗಿಂತ ಹೆಚ್ಚು. ನೀನು ಕಾಕಾನ ಮಾತು ಮೀರಬೇಡ. ಸೋನಾಬಾಯಿ ಕಾಕುಗೆ ಕೆಲಸದಲ್ಲಿ ಕೈಜೋಡಿಸು.

ತಂಗಿ ತಾರಾ ನಿನ್ನ ಹಾಸಿಗೆಯಲ್ಲಿ ಮಲಗುತ್ತಾಳೆ.

ನಿನ್ನ ಅವ್ವ,
ರುಕ್ಮವ್ವ


ಲಾಲಬಾಗ, ಮುಂಬಯಿ
೩ ಜುಲೈ ೧೯೮೮

ಅವ್ವಾ,

ಲಗಮಣ್ಣ ಕಾಕಾಗೆ ಹೇಳು, ಇಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಎಲ್ಲರೂ ಓಡುತ್ತಿರುತ್ತಾರೆ.

ಬಾಬಾಸಾಹೇಬ ಕಾಕಾನ ಚಾಳಿನಲ್ಲಿ ಒಂದೇ ಕೋಣೆ. ಅದರ ಮೂಲೆಯಲ್ಲೇ ಅಡುಗೆ. ನಾನು, ಕಾಕು ಒಳಗೆ ಮಲಗುತ್ತೇವೆ, ಕಾಕಾ ಹೊರಗೆ ಗ್ಯಾಲರಿಯಲ್ಲಿ. ಸಾಲು ಬಾಗಿಲುಗಳು. ಹಗಲಲ್ಲಿ ಯಾರೂ ಮುಚ್ಚುವುದಿಲ್ಲ. ಕಾಕಾ ಬಂದರಿನ ಗೋದಾಮಿನಲ್ಲಿ ಹಮಾಲರ ಮೇಲಿನ ಮುಕಾದಮ. ಚಾಳಿನಲ್ಲಿ ಜಗಳವಾದರೆ ಅವನನ್ನೇ ಕರೆಯುತ್ತಾರೆ. ಕಾಕು ಎಲ್ಲೂ ಹೋಗುವುದಿಲ್ಲ. ಇಷ್ಟು ವರ್ಷ ಇಲ್ಲಿದ್ದರೂ ಲೋಕಲ್ ಗಾಡಿಯನ್ನು ಒಬ್ಬಳೇ ಹತ್ತಿಲ್ಲವಂತೆ. "ಅವರ ಕರಕೊಂಡ ಹೋದ್ರ ಹೋಗೂದು" ಎನ್ನುತ್ತಾಳೆ.

ಎಕ್ಸ್‌ಚೇಂಜಿನಲ್ಲಿ ನನ್ನ ಪಕ್ಕ ಕೂರುವ ಶೇವಂತಾಬಾಯಿ ಹಳೆಯ ಆಪರೇಟರ್. ಹೆಂಗಸರ ಡಬ್ಬಿ ಪ್ಲಾಟ್‌ಫಾರ್ಮಿನ ಯಾವ ಕಂಬದ ಎದುರು ನಿಲ್ಲುತ್ತದೆ ಎಂದು ಅವಳೇ ತೋರಿಸಿದಳು. ಮಧ್ಯಾಹ್ನ ಡಬ್ಬಿ ಖಾಲಿಯಿದ್ದರೆ ಮೀನು ಮಾರುವವರ ಜೊತೆ ಕೂರಬೇಕಂತೆ. ವಾಸನೆ ತಡೆದುಕೊಂಡರಾಯಿತು, ಅವರೆದುರು ಯಾವ ಗಂಡಸೂ ಬಾಲ ಬಿಚ್ಚುವುದಿಲ್ಲ. ಚೀಲವನ್ನು ಎದೆಗೆ ಅವುಚಿಕೊಳ್ಳಬೇಕು. ಒಂದು ಪಿನ್ನನ್ನು ಬೆರಳುಗಳ ನಡುವೆ ಬಿಚ್ಚಿ ಹಿಡಿದಿರಬೇಕು. "ಲಾಜಾಯಚಂ ನಾಹೀ, ಟೋಚಾಯಚಂ" ಎಂದಳು. ನಾಚಬಾರದು, ಚುಚ್ಚಬೇಕು ಅಂತ. ಮೊನ್ನೆ ಸ್ಟೇಷನ್ನಿನ ಮೆಟ್ಟಿಲಲ್ಲಿ ಹಿಂದಿನಿಂದ ಒಂದು ಕೈ ಬಂತು. ಚುಚ್ಚಿದೆ. ಒಬ್ಬ ಮುದುಕ ಅಯ್ಯೋ ಎಂದ! ನಮ್ಮಪ್ಪನಿಗಿಂತ ದೊಡ್ಡವನು. ಆಫೀಸಿಗೆ ಹೋಗಿ ಶೇವಂತಾಬಾಯಿಗೆ ಹೇಳಿದೆ, ಇಬ್ಬರೂ ನಕ್ಕೆವು. ಇದನ್ನು ಅಪ್ಪ ಕಟ್ಟೆಯ ಮೇಲೆ ಓದದಿದ್ದರೆ ಒಳ್ಳೆಯದು.

ನಿನ್ನ
ಸುಂದರಾ


ದಾದರ, ಮುಂಬಯಿ
೧೮ ಸೆಪ್ಟೆಂಬರ್ ೧೯೮೮

ಅವ್ವ, ಅಪ್ಪ, ತಾರಾ,

ನಾನು ಚೆನ್ನಾಗಿದ್ದೇನೆ. ಸೋನಾಬಾಯಿ ಕಾಕು ತಾಯಿಯ ಆರೈಕೆಗೆಂದು ತವರಿಗೆ, ದಿಗ್ಗೇವಾಡಿಗೆ ಹೋದದ್ದು ನಿಮಗೆ ಗೊತ್ತೇ ಇದೆ. ಇನ್ನೂ ಬಂದಿಲ್ಲ.

ಇಲ್ಲಿ ನೌಕರಿ ಮಾಡುವ ಹೆಂಗಸರಿಗೆ ಒಂದು ಹಾಸ್ಟೆಲ್ ಇದೆ. ಶೇವಂತಾಬಾಯಿ ಹೇಳಿ ಜಾಗ ಕೊಡಿಸಿದಳು. ಇನ್ನು ಇಲ್ಲೇ ಇರುತ್ತೇನೆ. ಡ್ಯೂಟಿಗೆ ಅನುಕೂಲ.

ಎಮ್ಮೆ ಈಯಿತೇ?

ಸುಂದರಾ


ಉಗಾರ ಬುದ್ರುಕ
೩೦ ಸೆಪ್ಟೆಂಬರ್ ೧೯೮೮

ಸುಂದರಾ,

ಇದನ್ನು ನಿಮ್ಮಪ್ಪ ಎದುರು ಕೂತು ಬರೆಸುತ್ತಿದ್ದಾರೆ.

ನಮ್ಮವರ ಮನೆ ಇರುವಾಗ ಪರರ ಹಾಸ್ಟೆಲ್ಲಿನಲ್ಲಿ ಇರುವುದೇನು? ಬಾಬಾಸಾಹೇಬ ಪತ್ರ ಹಾಕಿದ್ದಾನೆ. ನೀನು ಹೇಳದೆ ಕೇಳದೆ ಹೋದೆಯಂತೆ. ನಿನ್ನ ಬರುವ ಹೋಗುವ ಹೊತ್ತಿಗೆ ತಾಳಮೇಳ ಇರಲಿಲ್ಲ, ಬುದ್ಧಿ ಹೇಳಿದ್ದಕ್ಕೆ ಸಿಟ್ಟು ಮಾಡಿಕೊಂಡೆ ಎಂದು ಬರೆದಿದ್ದಾನೆ. "ಅಣ್ಣಾ, ನಿನ್ನ ಮಗಳು, ನಾ ಏನೂ ಅನ್ನಾಂಗಿಲ್ಲ" ಎಂದೂ ಬರೆದಿದ್ದಾನೆ. ಅದನ್ನು ಓದಿ ನಿಮ್ಮಪ್ಪ ಊಟ ಬಿಟ್ಟು ಎದ್ದರು. ಪತ್ರ ಕಂಡ ಕೂಡಲೇ ಕಾಕಾನ ಮನೆಗೆ ಹೋಗಿ ಅವನ ಕಾಲು ಮುಟ್ಟಿ ತಪ್ಪಾಯಿತು ಅನ್ನಬೇಕು. ಇಲ್ಲವಾದರೆ ನೌಕರಿ ಬಿಟ್ಟು ಊರಿಗೆ ಬರಬೇಕು.

ಎಮ್ಮೆ ಹೆಣ್ಣುಗರು ಹಾಕಿದೆ.

ರುಕ್ಮವ್ವ


ದಾದರ, ಮುಂಬಯಿ
೨೦ ಅಕ್ಟೋಬರ್ ೧೯೮೮

ಅವ್ವಾ,

ಕಾಲು ಮುಟ್ಟಲಾರೆ. ನೌಕರಿಯನ್ನೂ ಬಿಡಲಾರೆ. ದೀಪಾವಳಿಗೆ ರಜೆ ಇಲ್ಲ.

ಇಲ್ಲಿ ಕೋಣೆಗೆ ಮೂವರು. ಬಾಗಿಲಲ್ಲಿ ಕಾವಲಿನ ಮುದುಕಿ ಇದ್ದಾಳೆ. ಆದರೂ ಮಲಗುವ ಮುಂಚೆ ಚಿಲಕವನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತೇನೆ. ಜೊತೆಯ ಹುಡುಗಿಯರು ನಗುತ್ತಾರೆ.

ನನ್ನ ಬಗ್ಗೆ ಚಿಂತೆ ಬೇಡ. ಬೀದಿಯಲ್ಲಿ, ಗಾಡಿಯಲ್ಲಿ ಹೇಗಿರಬೇಕು ಎಂಬುದು ನನಗೀಗ ಬರುತ್ತದೆ.

ಸುಂದರಾ


ಅಥಣಿ
೨೫ ನವೆಂಬರ್ ೧೯೮೮

ಸುಂದರಾ,

ನಿನ್ನ ಅಕ್ಕುತಾಯಿ ಮಾವಶಿಗೆ ಮೈಯಲ್ಲಿ ಆರಾಮಿಲ್ಲ ಎಂದು ಹೇಳಿ ಇಲ್ಲಿಗೆ ಬಂದಿದ್ದೇನೆ. ಅವಳು ಗಟ್ಟಿಯಾಗಿಯೇ ಇದ್ದಾಳೆ, ಸಾಲಿಗೆ ಪಾಠ ಹೇಳಲು ಹೋಗಿದ್ದಾಳೆ. ಇನ್ನು ಮೇಲೆ ಅವಳ ವಿಳಾಸಕ್ಕೆ ಬರೆ. ನನ್ನ ಅಕ್ಕ ಪರರ ಪತ್ರ ಒಡೆಯುವವಳಲ್ಲ, ಕಟ್ಟೆಯ ಮೇಲೆ ಓದುವವರೂ ಇಲ್ಲಿಲ್ಲ.

ದೀಪಾವಳಿಗೆ ಕಾಕಾ, ಸೋನಾಬಾಯಿ ಊರಿಗೆ ಬಂದಿದ್ದರು. ಕರ್ಚಿಕಾಯಿ ಮಾಡುವಾಗ ನಾನು ನಿನ್ನ ಹೆಸರು ತೆಗೆದೆ. ಸೋನಾಬಾಯಿಯ ಕೈ ನಿಂತಿತು. "ನಾ ದಿಗ್ಗೇವಾಡಿಗೆ ಹೋಗಬಾರ್ದಾಗಿತ್ತು ಅಕ್ಕಾ" ಎಂದಳು. ಯಾಕೆ ಎಂದೆ. ಹೊಗೆ ಕಣ್ಣಿಗೆ ಬಂತು ಎಂದು ಎದ್ದು ಹೋದಳು. ಅಂದಿನಿಂದ ನನಗೆ ಅನ್ನ ಇಳಿಯುತ್ತಿಲ್ಲ.

ಸೋನಾಬಾಯಿ ಇಲ್ಲದ ದಿನಗಳಲ್ಲಿ ಆ ಮನೆಯಲ್ಲಿ ಏನಾಯಿತು? ಬರೆಯಲು ಆಗದಿದ್ದರೆ ಬರಿಯ ಕಾಗದ ಮಡಿಚಿ ಹಾಕು. ನಾನು ತಿಳಿದುಕೊಳ್ಳುತ್ತೇನೆ. ಆದರೆ ಹಾಕು. ಪಿಯುಸಿ ಮುಗಿಸಿದ ತಾರಾ ಕಾಕಾನ ಮನೆಯಲ್ಲಿದ್ದು ಟೈಪಿಂಗ್ ಕಲಿಯಲಿ ಎಂದು ನಿಮ್ಮಪ್ಪ ಒಪ್ಪಿದ್ದಾರೆ. ಹೊಸ ವರ್ಷಕ್ಕೆ ಅವನೇ ಬಂದು ಕರೆದುಕೊಂಡು ಹೋಗುತ್ತಾನೆ.

ಅವ್ವ


ದಾದರ, ಮುಂಬಯಿ
೪ ಡಿಸೆಂಬರ್ ೧೯೮೮

ಅವ್ವಾ,

ಬರಿಯ ಕಾಗದವನ್ನೇ ಮಡಿಚಿಟ್ಟಿದ್ದೆ. ತಾರಾಳ ಹೆಸರು ಮತ್ತೊಮ್ಮೆ ಓದಿ ಅದನ್ನು ಬಿಚ್ಚಿ ಬರೆಯುತ್ತಿದ್ದೇನೆ.

ಅಂದು ಬೆಳಗಿನ ಡ್ಯೂಟಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದೆ. ಕಾಕಾ ಕೆಲಸಕ್ಕೆ ಹೋಗಿರಲಿಲ್ಲ. ತಲೆನೋವು, ಚಹಾ ಮಾಡು ಎಂದ. ಸ್ಟೋವಿಗೆ ಗಾಳಿ ಹಾಕುತ್ತಿದ್ದೆ. ಹಿಂದೆ ಬಾಗಿಲು ಮುಚ್ಚಿದ ಸದ್ದಾಯಿತು. ಚಾಳಿನಲ್ಲಿ ಹಗಲಿಗೆ ಬಾಗಿಲು ಮುಚ್ಚುವುದಿಲ್ಲ ಎಂದು ನಿನಗೆ ಬರೆದಿದ್ದೆನಲ್ಲ. ಪಕ್ಕದ ಮನೆಯಲ್ಲಿ ರೇಡಿಯೋ ಹಾಡುತ್ತಿತ್ತು.

ಮುಂದಿನದನ್ನು ಬರೆಯಲಾರೆ. ನೀನು ಹೆಂಗಸು, ನಿನಗೆ ತಿಳಿಯುತ್ತದೆ. ಅವನು ಮಾಡಬೇಕೆಂದದ್ದನ್ನೆಲ್ಲ ಮಾಡಿದ.

ಪಿನ್ನು ನನ್ನ ಕೈಗೆ ಸಿಗುವಲ್ಲೇ ಇತ್ತು, ಅವ್ವಾ. ಯಾವನೋ ಮುದುಕನಿಗೆ ಚುಚ್ಚಿದ ಕೈ ಕಾಕಾನ ಮೇಲೆ ಏಳಲಿಲ್ಲ. ಒದರಲೂ ಇಲ್ಲ. ಚಾಳಿನವರು ಬಂದರೆ ಏನೆಂದು ಹೇಳಲಿ ಎಂದುಕೊಂಡೆ. ಈಗ ಯೋಚಿಸಿದರೆ ಹುಚ್ಚು ಅನ್ನಿಸುತ್ತದೆ. ಆಗ ಅದೊಂದೇ ತಲೆಯಲ್ಲಿ ಇತ್ತು.

ಆಮೇಲೆ ಅವನೇ ಚಹಾ ಸೋಸಿ ನನ್ನ ಮುಂದಿಟ್ಟ. "ನಿಮ್ಮಪ್ಪಗ ಹೇಳ್ತೀ? ಹೇಳು. ಅವನ ಮೈಯಾಗ ನನ್ನ ರಕ್ತ ಐತಿ, ಯಾರ್ನ ನಂಬ್ತಾನ ನೋಡೂಣು" ಎಂದ. ಮಾರನೆಯ ದಿನ ಡ್ಯೂಟಿಗೆಂದು ಹೊರಟವಳು ತಿರುಗಿ ಹೋಗಲಿಲ್ಲ. ಶೇವಂತಾಬಾಯಿ ಏನನ್ನೂ ಕೇಳದೆ ಈ ಹಾಸ್ಟೆಲ್ಲಿಗೆ ಕರೆತಂದಳು. ನನ್ನ ಬಟ್ಟೆಗಳು ಇನ್ನೂ ಅಲ್ಲೇ ಇವೆ.

ತಾರಾಳನ್ನು ಕಳಿಸಬೇಡ. ಮತ್ತೇನು ಮಾಡುತ್ತೀಯೋ ಬಿಡುತ್ತೀಯೋ, ಅವಳನ್ನು ಕಳಿಸಬೇಡ.

ಸುಂದರಾ


ಅಥಣಿ
೮ ಜನವರಿ ೧೯೮೯

ಸುಂದರಾ,

ತಾರಾ ನನ್ನ ಹತ್ತಿರ ಇದ್ದಾಳೆ. ಅದನ್ನು ಮೊದಲು ತಿಳಿದುಕೊ.

ನಿನ್ನ ಪತ್ರ ಕೈಗೆ ಬಂದ ದಿನವೇ ಉಗಾರಿಗೆ ಹೋದೆ. ನಿಮ್ಮಪ್ಪ ಕಬ್ಬಿಗೆ ನೀರು ಬಿಡುತ್ತಿದ್ದರು. ಅಲ್ಲೇ ಹೇಳಿದೆ. ಸಲಿಕೆ ಹಿಡಿದು ನಿಂತವರು ನಿಂತೇ ಇದ್ದರು, ನೀರು ಬದು ದಾಟಿ ಹರಿಯಿತು.

"ಯಾರ ಮುಂದರೆ ಆಡೀಯೇನ?" ಎಂದರು.

"ಇಲ್ಲ."

"ಆಡಬ್ಯಾಡ. ಮಗಳು ಸುಳ್ಳ ಹೇಳ್ತಾಳ ಅನ್ನಾಕ ನನಗ ಬಾಯಿ ಬರೂದಿಲ್ಲ. ಖರೇ ಅನ್ನಾಕೂ ಆಗೂದಿಲ್ಲ ರುಕ್ಮಾ. ಅಂವ ಇಲ್ಲದಿದ್ರ ನಾ ಇಲ್ಲೆ ನಿಲ್ಲತಿದ್ದಿಲ್ಲ."

ಅವರ ಕಣ್ಣಲ್ಲಿ ನೀರಿತ್ತು. ಆದರೂ ಹೊಸ ವರ್ಷಕ್ಕೆ ಬಾಬಾಸಾಹೇಬ ಬರುವುದನ್ನು ತಡೆಯಲಿಲ್ಲ.

ಅವನು ಸೋನಾಬಾಯಿಯನ್ನು ಕರೆದುಕೊಂಡು ಬಂದ. ಕಟ್ಟೆಯ ಮೇಲೆ ಲಗಮಣ್ಣನೂ ಇದ್ದ. "ವೈನಿ, ತಾರಾನ ಟ್ರಂಕ ತಯಾರ ಐತೇನ್ರಿ?" ಎಂದು ಬಾಬಾಸಾಹೇಬ ನನ್ನನ್ನು ಕೇಳಿದ.

"ತಾರಾ ಬರೂದಿಲ್ಲ."

"ಯಾಕ್ರಿ?"

"ಯಾಕಂತ ನಿನಗ ಗೊತ್ತೈತಿ. ನೀನಾಗೇ ಎದ್ದ ಹೋಗ್ತೀಯೋ, ಎಲ್ಲಾರ ಮುಂದ ನಾ ಹೇಳ್ಲೋ?"

ಅವನು ನಕ್ಕ. ನಿಮ್ಮಪ್ಪನ ಕಡೆ ತಿರುಗಿ, "ಅಣ್ಣಾ, ವೈನಿಗೆ ಏನೋ ಆಗೇತಿ" ಎಂದ. ಆ ನಗು ನೋಡಿ ನಾನು ಹೇಳಿಬಿಟ್ಟೆ. ನನ್ನ ಮಗಳನ್ನು ಕೆಡಿಸಿದವನು ನನ್ನ ಮನೆಯ ಚಹಾ ಕುಡಿಯಬಾರದು ಎಂದು ಅವನ ಕೈಯೊಳಗಿನ ಕಪ್ಪು ಕಸಿದುಕೊಂಡೆ. ನಿಮ್ಮಪ್ಪ ಎದ್ದು ನಿಂತು, "ಒಳಗ ನಡಿ" ಎಂದು ನನಗೇ ಒದರಿದರು. ಅವನಿಗಲ್ಲ.

ಒಳಗೆ ಹೋದರೆ ಸೋನಾಬಾಯಿ ತಾರಾಳ ಟ್ರಂಕಿನ ಮುಂದೆ ಕೂತಿದ್ದಳು. ಮಡಿಚಿಟ್ಟ ಸೀರೆಗಳನ್ನು ಒಂದೊಂದಾಗಿ ತೆಗೆದು ತಿರುಗಿ ಗೋಡೆಯ ಮಾಡದಲ್ಲಿ ಇಡುತ್ತಿದ್ದಳು. ನನ್ನ ಮುಖ ನೋಡಲಿಲ್ಲ.

ಆ ಸಂಜೆಯೇ ತಾರಾಳನ್ನು ಕರೆದುಕೊಂಡು ಅಥಣಿಯ ಬಸ್ಸು ಹತ್ತಿದೆ. ನಿಮ್ಮಪ್ಪ ಬಾಗಿಲಿಗೂ ಬರಲಿಲ್ಲ.

ಇನ್ನೊಂದು ಕೆಟ್ಟ ಸುದ್ದಿ. ಲಗಮಣ್ಣ ಮಾತನ್ನೆಲ್ಲ ಕೇಳಿಯೂ ತನ್ನ ಮಗಳು ಸತ್ತೆವ್ವಳನ್ನು ಆ ಗಂಡಹೆಂಡಿರ ಜೊತೆ ಮುಂಬಯಿಗೆ ಕಳಿಸುತ್ತಿದ್ದಾನೆ. ಅವಳಿಗೆ ಹೊಲಿಗೆ ಬರುತ್ತದೆ, ಕಾರ್ಖಾನೆಯಲ್ಲಿ ಹಚ್ಚುತ್ತೇನೆ ಎಂದು ಬಾಬಾಸಾಹೇಬ ಹೇಳಿದ್ದಾನಂತೆ. ನಿನ್ನೆ ಬಸ್ಸಿನಲ್ಲಿ ಉಗಾರಿಗೆ ಹೋಗಿ ಅವಳ ತಾಯಿ ಲಕ್ಕವ್ವನನ್ನು ಕಂಡೆ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದಳು. "ನಿಮ್ಮ ಹುಡುಗಿ ದಾರಿ ಬಿಟ್ಳಂತ ನಮ್ಮ ಹುಡುಗಿ ದಾರಿಗೆ ಅಡ್ಡ ಬರಬ್ಯಾಡ್ರಿ ಅಕ್ಕಾರ" ಎಂದಳು. ಸಂಕ್ರಾಂತಿಯ ಮಾರನೆಯ ದಿನ ಮಿರಜದಲ್ಲಿ ಮಹಾಲಕ್ಷ್ಮಿ ಗಾಡಿ ಹತ್ತುತ್ತಾರೆ.

ನನ್ನ ಕೈಯಲ್ಲಿ ಆಗಲಿಲ್ಲ. ನಿನ್ನ ಕೈಯಲ್ಲಿ ಏನಾದರೂ ಆಗುತ್ತದೆಯೇ ನೋಡು.

ಅವ್ವ


ದಾದರ, ಮುಂಬಯಿ
೧ ಫೆಬ್ರವರಿ ೧೯೮೯

ಅವ್ವಾ,

ಹೋಗಿದ್ದೆ. ಶೇವಂತಾಬಾಯಿಯೂ ಜೊತೆಗೆ ಬಂದಳು. ಬೆಳಿಗ್ಗೆ ಮಹಾಲಕ್ಷ್ಮಿ ದಾದರಿಗೆ ಬಂತು. ಮುಂದೆ ಕಾಕಾ, ಹಿಂದೆ ತಲೆಯ ಮೇಲೆ ಸೆರಗು ಹೊದ್ದ ಕಾಕು, ಅವಳ ಕೈ ಹಿಡಿದು ಸತ್ತೆವ್ವ. ನನ್ನನ್ನು ಕಂಡು ಸತ್ತೆವ್ವ "ಸುಂದರಕ್ಕಾ" ಎಂದು ನಕ್ಕಳು.

ಅವನ ಮುಖ ನೋಡಿದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿದೆ. ಶೇವಂತಾಬಾಯಿ ಬೆನ್ನ ಹಿಂದೆ ಕೈಯಿಟ್ಟಳು.

"ಸತ್ತೆವ್ವ, ನಾ ಆ ಮನಿ ಯಾಕ ಬಿಟ್ಟೆ ಅಂತ ಕೇಳಿಕೊಂಡ ಹೋಗು" ಎಂದೆ. ಎಲ್ಲರೆದುರು, ಹಮಾಲರು, ಚಹಾದವರು, ಇಳಿಯುವವರು ಹತ್ತುವವರು ಕೇಳುವಂತೆ ಹೇಳಿದೆ. ಮೊದಲು ನಮ್ಮ ಮಾತಿನಲ್ಲಿ, ಆಮೇಲೆ ಮರಾಠಿಯಲ್ಲಿ. ದಿನವಿಡೀ ಫೋನಿನಲ್ಲಿ ಮೆತ್ತಗೆ ಮಾತಾಡುವ ನನಗೆ ಅಷ್ಟು ದೊಡ್ಡ ಧ್ವನಿ ಇದೆಯೆಂದು ಗೊತ್ತೇ ಇರಲಿಲ್ಲ. ಜನ ನಿಂತರು. ಒಬ್ಬ ಪೋಲೀಸನೂ ಬಂದ. ಕಾಕಾ ಕೈಮುಗಿದು, "ನಮ್ಮ ಅಣ್ಣನ ಮಗಳು, ತಲೆ ಸರಿಯಿಲ್ಲ" ಎಂದ. ಪೋಲೀಸ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಘರಚಾ ಮಾಮಲಾ ಆಹೇ, ಘರೀ ಬೋಲಾ" ಎಂದ. ಮನೆಯ ಮಾತನ್ನು ಮನೆಯಲ್ಲಿ ಆಡಿಕೊಳ್ಳಿ ಅಂತ.

ಸತ್ತೆವ್ವ ಅಳುತ್ತ ನಿಂತಿದ್ದಳು. "ಅಪ್ಪ ಕಾಕಾನ ಕೂಡ ಹೋಗಂದಾನ" ಎಂದಳು. ಹೋದಳು. ಹಾಸ್ಟೆಲ್ಲಿನ ವಿಳಾಸವನ್ನು ಗಟ್ಟಿಯಾಗಿ ಒದರಿ ಹೇಳಿದೆ. ಅವಳು ತಿರುಗಿ ನೋಡಲಿಲ್ಲ. ಕಾಕು ನೋಡಿದಳು.

ಮುಂದಿನ ರವಿವಾರ ಮಧ್ಯಾಹ್ನ ಕಾವಲಿನ ಮುದುಕಿ, ನಿಮ್ಮ ಕಡೆಯವರು ಬಂದಿದ್ದಾರೆ ಎಂದಳು. ಕೆಳಗೆ ಸೋನಾಬಾಯಿ ಕಾಕು ನಿಂತಿದ್ದಳು, ಸತ್ತೆವ್ವಳ ಚೀಲ ಅವಳ ಕೈಯಲ್ಲಿತ್ತು. ಸತ್ತೆವ್ವ ಹಿಂದೆ.

"ಇಕೀಗೆ ಏನೂ ಆಗಿಲ್ಲ. ದಿನಾ ರಾತ್ರಿ ಬಾಗಲಕ್ಕ ಅಡ್ಡ ಮಲಗೇನಿ. ದಿನಾ ಹಂಗ ಮಲಗಾಕ ಆಗೂದಿಲ್ಲ. ನೀ ಇಟಗೋ" ಎಂದಳು.

ಸತ್ತೆವ್ವ ಈಗ ನನ್ನ ಮಂಚದಲ್ಲೇ ಮಲಗುತ್ತಾಳೆ. ಶೇವಂತಾಬಾಯಿ ಅವಳನ್ನು ಗುರುತಿನವರ ಹೊಲಿಗೆಯ ಮನೆಗೆ ಸೇರಿಸಿದ್ದಾಳೆ. ಲಕ್ಕವ್ವಗೆ ತಿಳಿಸು, ನಂಬಲಿ ಬಿಡಲಿ.

ಸುಂದರಾ


ಅಥಣಿ
೨೦ ಫೆಬ್ರವರಿ ೧೯೮೯

ಸುಂದರಾ,

ಲಕ್ಕವ್ವ ಇಲ್ಲಿಯವರೆಗೆ ಬಂದಿದ್ದಳು. ಹೋಗುವಾಗ ತಾರಾಳ ಗಲ್ಲ ಮುಟ್ಟಿ ಅತ್ತಳು. ಲಗಮಣ್ಣ ಮಾತ್ರ, ನಾನೂ ನೀನೂ ಸೇರಿ ಅವನ ಮಗಳನ್ನು ಓಡಿಸಿದೆವು ಎಂದು ಊರಲ್ಲಿ ಹೇಳುತ್ತಿದ್ದಾನೆ. ನಿನ್ನ ಹೆಸರು ಎತ್ತಬಾರದು ಎಂದು ನಿಮ್ಮಪ್ಪ ಅಕ್ಕುತಾಯಿಯ ಹತ್ತಿರ ಹೇಳಿ ಕಳಿಸಿದ್ದಾರೆ. ಅದೇ ಮಾತಿನ ಜೊತೆ ನನಗೆ, ತಾರಾಗೆ ಜೋಳವನ್ನೂ ಕಳಿಸಿದ್ದಾರೆ.

ಬಾಬಾಸಾಹೇಬನ ಪತ್ರ ಬಂದಿದೆಯಂತೆ. ಸೋನಾಬಾಯಿ ಚಾಳಿನ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದಿದೆ, ಆಸ್ಪತ್ರೆಯಲ್ಲಿದ್ದಾಳೆ, ಇನ್ನು ನಡೆಯುವುದು ಅನುಮಾನ. ನಿಮ್ಮಪ್ಪ ನೋಡಲು ಹೊರಟಿದ್ದಾರೆ. ನಾನು ದಿಗ್ಗೇವಾಡಿಗೆ ಹೋಗಿ ಅವಳ ತಮ್ಮನಿಗೆ ಹೇಳಿದೆ. "ಕೊಟ್ಟ ಹೆಣ್ಣರಿ, ನಾವೇನ ಮಾಡೂಣು" ಎಂದ.

ಆ ಮೆಟ್ಟಿಲು ಎಂಥದೆಂದು ನನಗೂ ಗೊತ್ತು, ನಿನಗೂ ಗೊತ್ತು. ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಅಂದು ಅವಳನ್ನು ತಿರುಗಿ ಆ ಮನೆಗೆ ಯಾಕೆ ಹೋಗಗೊಟ್ಟೆ?

ಅವ್ವ


ದಾದರ, ಮುಂಬಯಿ
೧ ಮಾರ್ಚ್ ೧೯೮೯

ಅವ್ವಾ,

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಕಾಕು ಕಣ್ಣು ತೆರೆದು ಮಲಗಿದ್ದಳು. ಮೊದಲು ಸತ್ತೆವ್ವ ಹೇಗಿದ್ದಾಳೆ ಎಂದು ಕೇಳಿದಳು. ಹೊಲಿಗೆಗೆ ಹೋಗುತ್ತಾಳೆ ಎಂದೆ. ನರ್ಸು, ಹೇಗೆ ಬಿದ್ದಿರಿ ಎಂದು ಕೇಳಿದಾಗ, ಮೆಟ್ಟಿಲು ಎಂದಳು. ಹೊರಬರುವಾಗ ಬಾಗಿಲಲ್ಲಿ ಅಪ್ಪ ಎದುರಾದರು. ಕಾಕಾನ ಊಟದ ಡಬ್ಬಿ ಅವರ ಕೈಯಲ್ಲಿತ್ತು. ನನ್ನನ್ನು ನೋಡಿದರು. ಅವರು ಸರಿದು ದಾರಿ ಬಿಟ್ಟರು, ನಾನು ದಾಟಿ ಬಂದೆ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಆ ರವಿವಾರ ಇಲ್ಲೇ ಇರು ಎಂದು ಕಾಕುವಿನ ಕೈ ಹಿಡಿದುಕೊಂಡೆ. ವಾರ್ಡನ್ನಿನ ಕಾಲು ಹಿಡಿಯುತ್ತೇನೆ, ನೆಲದ ಮೇಲಾದರೂ ಮಲಗು ಎಂದೆ. ಅವಳು ತಲೆಯಾಡಿಸಿದಳು.

"ನಾ ಹೊಳ್ಳಿ ಹೋಗದಿದ್ರ ಅಂವ ಇಲ್ಲಿಗೆ ಬರ್ತಾನ ಸುಂದರಾ. ಪೋಲೀಸರ್ನೂ ಕರಕೊಂಡ ಬರ್ತಾನ. ಈ ಹುಡುಗೀನ ಎಳಕೊಂಡ ಹೋಗ್ತಾನ. ನಾ ಹೋದ್ರ ಎಲ್ಲಾ ನನ್ನ ಮ್ಯಾಲ ತೀರತೈತಿ" ಎಂದಳು.

ಬರುವಾಗ ಇಬ್ಬರೂ ಜನರನ್ನು ಕೇಳಿ ಕೇಳಿ ನಡೆದೇ ಬಂದಿದ್ದರು. ತಡವಾದರೆ ಸಿಟ್ಟು ಹೆಚ್ಚಾಗುತ್ತದೆ, ಗಾಡಿ ಹತ್ತಿಸು ಎಂದು ಅವಳೇ ಕೇಳಿದಳು. ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಟಿಕೀಟು ತೆಗೆದೆ. ಹೆಂಗಸರ ಡಬ್ಬಿ ಬರುವಲ್ಲಿ ನಿಲ್ಲಿಸಿದೆ. ಇಳಿಯುವ ಮುಂಚೆಯೇ ಎದ್ದು ಬಾಗಿಲ ಹತ್ತಿರ ಬರಬೇಕು, ಗಾಡಿ ಪೂರ್ತಿ ನಿಂತ ಮೇಲೆ ಕಾಲಿಡಬೇಕು, ಯಾರು ಮಾತಾಡಿಸಿದರೂ ಉತ್ತರ ಕೊಡಬಾರದು ಎಂದೆಲ್ಲ ಹೇಳಿದೆ. ಅವಳು ಶಾಲೆಯ ಹುಡುಗಿಯ ಹಾಗೆ ಒಂದೊಂದಕ್ಕೂ ಹೂಂ ಅನ್ನುತ್ತಿದ್ದಳು. ಗಾಡಿ ಬಂತು. ಒಳಗೆ ಕೂತಿದ್ದ ಹೆಂಗಸೊಬ್ಬಳಿಗೆ, ಇವರನ್ನು ಚಿಂಚಪೋಕಳಿಯಲ್ಲಿ ಇಳಿಸಿ ಬಾಯಿ, ಒಬ್ಬರೇ ಇದ್ದಾರೆ ಎಂದು ಹೇಳಿದೆ. ಅವಳು ಸರಿದು ಕಾಕುಗೆ ಕಿಟಕಿಯ ಹತ್ತಿರ ಜಾಗ ಕೊಟ್ಟಳು.

ದಾರಿಯಲ್ಲಿ ಏನೂ ಆಗಲಿಲ್ಲವಂತೆ. ನಿನ್ನೆ ಆಸ್ಪತ್ರೆಯಲ್ಲಿ ಕಾಕುವೇ ಹೇಳಿದಳು. ಗಾಡಿಯಲ್ಲಿ ಯಾರೂ ಮೈ ಮುಟ್ಟಲಿಲ್ಲವಂತೆ, ಆ ಹೆಂಗಸು ಕೈ ಹಿಡಿದು ಇಳಿಸಿದಳಂತೆ, ಹೊತ್ತು ಮುಳುಗುವ ಮುಂಚೆಯೇ ಮನೆ ಮುಟ್ಟಿದಳಂತೆ.

ಸುಂದರಾ